ಅಂಚು ಮುಟ್ಟದ ಕೊಕ್ಕೆಗಳು

ನನ್ನ ಹಳೆಯ ಟ್ರಂಕಿನ ತಳದಲ್ಲಿ ಸಿಕ್ಕ ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಬಿಡಿಸಲು ಹೋದರೆ ಹರಿಯುತ್ತವೆ ಅನ್ನಿಸಿ ಸುಮ್ಮನೆ ಮೂಗಿನ ಹತ್ತಿರ ಹಿಡಿದೆ. ನುಣುಪು ಕಾಗದದ ಹಳೆಯ ವಾಸನೆ, ಅದರೊಳಗೆ ಎಲ್ಲೋ ಲವಂಗದೆಣ್ಣೆ. ರಾಯಚೂರಿನ ನಮ್ಮ ಕಾಲೇಜಿನ ಪ್ರಾಣಿಶಾಸ್ತ್ರದ ಪ್ರಯೋಗಾಲಯದಲ್ಲಿ ಗಾಜಿನ ಪಟ್ಟಿಯ ಮೇಲೆ ಅಂಗಾಂಶ ಕೂರಿಸುವಾಗ ಲವಂಗದೆಣ್ಣೆ ಹಾಕುತ್ತಿದ್ದೆವು. ಬೆರಳಿಗೆ ಹತ್ತಿದರೆ ಎರಡು ದಿನ ಹೋಗುತ್ತಿರಲಿಲ್ಲ, ರೊಟ್ಟಿ ಮುರಿದರೂ ಅದೇ ವಾಸನೆ. ಆ ವಾಸನೆ ನಿಜವಾಗಿ ಕಾಗದದಲ್ಲಿತ್ತೋ, ಹಾಳೆಯ ಅಂಚಿನ ಪೆನ್ಸಿಲ್ ಅಕ್ಷರ ಕಂಡ ಮೇಲೆ ನಾನೇ ತಂದು ಸೇರಿಸಿಕೊಂಡೆನೋ... ಹೇಳಲಾರೆ. ಅಕ್ಷರ ಮಾತ್ರ ಇತ್ತು. ಸಣ್ಣ, ಎಡಕ್ಕೆ ವಾಲಿದ ಕೈಬರಹ. 'ಹುಟ್ಟಿದೆ. ದಾರಿಯಲ್ಲಿ ನಿಂತಿದೆ.'

ಅದು ನಮ್ಮ ಮಾಸ್ತರರ ಅಕ್ಷರ. ಕಾಗದ, ವಿದೇಶದ ಒಂದು ಸಂಶೋಧನಾ ಲೇಖನದ ಬಿಡಿ ಪ್ರತಿ. ಆಗೆಲ್ಲ ಅಂಥ ಲೇಖನ ರಾಯಚೂರಿನವರೆಗೆ ಬರುವ ದಾರಿ ಒಂದೇ ಇತ್ತು. ಬರೆದವರ ವಿಳಾಸಕ್ಕೆ ಒಂದು ಕಾರ್ಡು ಹಾಕಿ, ದಯಮಾಡಿ ಒಂದು ಪ್ರತಿ ಕಳಿಸಿ ಎಂದು ಕೇಳಿಕೊಳ್ಳುವುದು. ಕೆಲವರು ಕಳಿಸುತ್ತಿದ್ದರು. ಎರಡು ತಿಂಗಳೋ ಮೂರು ತಿಂಗಳೋ ಕಳೆದ ಮೇಲೆ ಕಾಲೇಜಿನ ಜವಾನ ಲಕೋಟೆ ಹಿಡಿದು ಬಂದು, "ಸರ್, ನಿಮ್ಮ ಬೀಗರ ಕಾಗದ ಬಂತ್ರಿ" ಎನ್ನುತ್ತಿದ್ದ. ಮಾಸ್ತರರು ಅದರ ಮೇಲಿನ ಸ್ಟ್ಯಾಂಪನ್ನು ಬಿಡಿಸಿ ಮಗಳಿಗೆಂದು ಜೇಬಿಗೆ ಹಾಕಿಕೊಳ್ಳುತ್ತಿದ್ದರು.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಅವರ ಕೈಕೆಳಗೆ ಪ್ರಯೋಗಾಲಯದ ಸಹಾಯಕಿಯಾಗಿ ಸೇರಿದೆ. ಮಾನ್ವಿಯವಳು, ಮನೆಯಲ್ಲಿ ದಖನಿ ಮಾತು. ಅವರು ದೇವದುರ್ಗ ತಾಲ್ಲೂಕಿನ ಮಸರಕಲ್ಲಿನವರು, ಕುರಿ ಕಾಯ್ದುಕೊಂಡು ಹೊಲ ಮಾಡಿಕೊಂಡು ಬಂದ ಮನೆತನ. ಅವರ ಮನೆಯಲ್ಲಿ ಪುಸ್ತಕ ಹಿಡಿದವರಲ್ಲಿ ಅವರೇ ಮೊದಲಿಗರು. ರಜೆ ಬಂದರೆ ಬೇರೆಯವರು ಊರಿಗೆ ಹೋಗುತ್ತಿದ್ದರು, ಇವರು ರೈಲು ಹತ್ತಿ ಹೈದರಾಬಾದಿಗೆ ಹೋಗಿ ಅಲ್ಲಿಯ ಗ್ರಂಥಾಲಯದಲ್ಲಿ ಕೂತು ಪತ್ರಿಕೆಗಳನ್ನು ಓದಿ, ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬರುತ್ತಿದ್ದರು. ನಮ್ಮ ಪಠ್ಯಪುಸ್ತಕದಲ್ಲಿ ಇಲ್ಲದ್ದು ಅವರ ಪಾಠದಲ್ಲಿ ಇರುತ್ತಿತ್ತು. ಪರೀಕ್ಷೆಗೆ ಬರುವುದಿಲ್ಲ ಎಂದು ಹುಡುಗರು ಗೊಣಗುತ್ತಿದ್ದರು.

ಒಂದು ಏಪ್ರಿಲ್ ತಿಂಗಳು, ಬಿಸಿಲು ಕಿಟಕಿಯ ಸರಳು ಮುಟ್ಟಲು ಬಿಡುತ್ತಿರಲಿಲ್ಲ, ಅವರು ಹೆಗಲ ಮೇಲೆ ಕರಿ ಕಂಬಳಿ ಹಾಕಿಕೊಂಡು ತರಗತಿಗೆ ಬಂದರು.

ಹಿಂದಿನ ಬೆಂಚಿನಿಂದ ಒಬ್ಬ ಕೇಳಿದ: "ಸರ್, ಥಂಡಿ ಆಗ್ಯಾದೇನ್ರಿ?"

"ನಿನಗ ಹೊಚ್ಚಾಕ ತಂದೀನಪಾ. ನನ್ನ ಪಾಠದಾಗ ಬರೀ ಮೈಲೆ ಮಲಗ್ತಿ, ನೋಡಾಕಾಗವಲ್ದು."

ನಗು ನಿಂತ ಮೇಲೆ ಕಂಬಳಿಯನ್ನು ಮೇಜಿನ ಮೇಲೆ ಹಾಸಿದರು. ಜೀವಕೋಶದ ಸುತ್ತ ಒಂದು ಪೊರೆ ಇದೆ, ಅದು ಈ ಕಂಬಳಿ. ಆ ಪೊರೆಯಲ್ಲಿ ನಾಟಿಕೊಂಡ ಪ್ರೋಟೀನುಗಳಿವೆ. ಕೆಲವು ಬಾಗಿಲಂತೆ, ಕೆಲವು ಕೊಕ್ಕೆಯಂತೆ. ಆದರೆ ಅವು ಹುಟ್ಟುವುದು ಅಂಚಿನಲ್ಲಲ್ಲ, ಕೋಶದ ಒಳಗೆ, ನಟ್ಟನಡುವೆ.

"ನಡುವ ಹುಟ್ಟಿದ್ದು ಅಂಚಿಗೆ ಹೆಂಗ ಹೋಗ್ತದ?"

"ನಡಕೋತ ಹೋಗ್ತದ್ರಿ," ಅಂದ ಇನ್ನೊಬ್ಬ.

"ನಿನ್ನಂಗ ಎರಡು ತಾಸಿಗೊಮ್ಮಿ ಚಾ ಕುಡಕೋತ?"

ಆಮೇಲೆ ಅವರು ಹೇಳಿದ್ದನ್ನು ನಾನು ಎಷ್ಟೋ ವರ್ಷ ನನ್ನ ಮಾತಿನಲ್ಲಿ ಬೇರೆ ಮಕ್ಕಳಿಗೆ ಹೇಳಿದ್ದೇನೆ. ಹಾಗಾಗಿ ಯಾವುದು ಅವರದು ಯಾವುದು ನನ್ನದು ಎಂಬುದು ಕಲೆಸಿಹೋಗಿದೆ. ವಿಷಯ ಇಷ್ಟು. ಪ್ರೋಟೀನು ಇನ್ನೂ ಅರ್ಧ ತಯಾರಾಗಿರುವಾಗಲೇ ಅದರ ತಲೆಯ ಕಡೆಯ ಒಂದು ತುಣುಕು ವಿಳಾಸದ ಚೀಟಿಯಂತೆ ಕೆಲಸ ಮಾಡುತ್ತದೆ. ಆ ಚೀಟಿಯನ್ನು ಓದಿ, ಅರ್ಧ ಹುಟ್ಟಿದ್ದನ್ನು ಹಾಗೇ ಒಳಗಿನ ಪೊರೆಯೊಂದಕ್ಕೆ ಪೋಣಿಸಲಾಗುತ್ತದೆ; ಅದು ಅದರ ಮೊದಲ ಮನೆ. ಪೋಣಿಸಿದ ಮೇಲೆ ಚೀಟಿ ಕತ್ತರಿಸಿಹೋಗುತ್ತದೆ. ಅಲ್ಲಿಂದ ಆ ಪ್ರೋಟೀನು ಒಂಟಿಯಾಗಿ ಎಲ್ಲೂ ಹೋಗುವುದಿಲ್ಲ. ಅದು ನಾಟಿಕೊಂಡ ಪೊರೆಯ ತುಂಡೇ ಗುಳ್ಳೆಯಾಗಿ ಕಳಚಿಕೊಂಡು ಹೊರಡುತ್ತದೆ. ದಾರಿಯಲ್ಲಿ ತಟ್ಟೆಗಳನ್ನು ಪೇರಿಸಿಟ್ಟಂಥ ಇನ್ನೊಂದು ಮನೆ. ಅಲ್ಲಿ ಒಂದಿಷ್ಟು ತಿದ್ದುಪಡಿ. ಅಲ್ಲಿಂದ ಮತ್ತೊಂದು ಗುಳ್ಳೆ. ಕೊನೆಗೆ ಆ ಗುಳ್ಳೆ ಹೊರಪೊರೆಗೆ ಹತ್ತಿ ಅದರಲ್ಲಿ ಒಂದಾಗುತ್ತದೆ.

"ನೂಲು ಬ್ಯಾರೆ ಹೋಗಂಗಿಲ್ಲ," ಎಂದು ಮಾಸ್ತರರು ಕಂಬಳಿಯ ಮೂಲೆಯಲ್ಲಿದ್ದ ಒಂದು ತೇಪೆಯನ್ನು ತಟ್ಟಿ ತೋರಿಸಿದರು. "ತೇಪಿ ಜೋಡಿ ಹೋಗ್ತದ. ಹೋಗಿ, ತೇಪಿನೇ ಕಂಬಳಿ ಆಗ್ತದ." ಗುಳ್ಳೆಯೊಳಗೆ ಮುಖ ಮಾಡಿದ್ದು ಕೊನೆಗೆ ಹೊರಗೆ ಮುಖ ಮಾಡುವುದು ಹೇಗೆಂದು ತೋರಿಸಲು ಪ್ಯಾಂಟಿನ ಜೇಬನ್ನು ಹೊರಗೆಳೆದರು. ಬಾಚಣಿಗೆ, ಬೀಗದ ಕೈ, ಒಂದು ವಿದೇಶಿ ಸ್ಟ್ಯಾಂಪು ಕೆಳಗೆ ಬಿದ್ದವು. ಹುಡುಗರು ಬಿದ್ದು ಬಿದ್ದು ನಕ್ಕರು.

ಕೊನೆಗೆ ಗಂಟೆ ಹೊಡೆಯುವಾಗ ಒಂದು ಮಾತು ಹೇಳಿದರು. ಸರಿಯಾಗಿ ಮಡಚಿಕೊಳ್ಳದ ಪ್ರೋಟೀನನ್ನು ಮೊದಲ ಮನೆಯಿಂದ ಮುಂದಕ್ಕೆ ಬಿಡುವುದಿಲ್ಲ, ಅಲ್ಲೇ ತಡೆದಿಡಲಾಗುತ್ತದೆ. ಅದನ್ನು ಆ ವರ್ಷವೇ ಹೇಳಿದರೋ, ಎಲ್ಲ ಗೊತ್ತಾದ ಮೇಲಿನ ಪಾಠದಲ್ಲೋ... ಒಂದೇ ವರ್ಷದ್ದು ಎಂದುಕೊಂಡರೆ ಕತೆ ಚೆಂದ ಕೂಡುತ್ತದೆ. ಅದಕ್ಕೇ ನನಗೆ ನಂಬಿಕೆಯಿಲ್ಲ.

ಅವರ ಹೆಂಡತಿಯನ್ನು ನಾನು ಭಾಭಿ ಎನ್ನುತ್ತಿದ್ದೆ. ಕೋಟೆಯ ಗೋಡೆಗೆ ಹತ್ತಿದ ಓಣಿಯಲ್ಲಿ ಅವರ ಮನೆ. ನಾನು ಒಬ್ಬಳೇ ಕೋಣೆ ಮಾಡಿಕೊಂಡಿದ್ದರಿಂದ ಭಾನುವಾರ ಅಲ್ಲೇ ಊಟ. ಒಂದು ವಿಷಯ ಈಗಲೇ ಹೇಳಬೇಕು: ಭಾಭಿ, ಮಾಸ್ತರರ ಸ್ವಂತ ಅಕ್ಕನ ಮಗಳು. ನಮ್ಮ ಕಡೆ ಅಕ್ಕನ ಮಗಳು ತಮ್ಮನಿಗೆ ಎಂಬುದು ತೊಟ್ಟಿಲಲ್ಲೇ ಮುಗಿದ ಮಾತು. ತಾಯಿ ಸತ್ತ ಮೇಲೆ ಈ ಅಕ್ಕನೇ ಅವರನ್ನು ಎತ್ತಿ ಬೆಳೆಸಿದ್ದು, ರೊಟ್ಟಿ ಕಟ್ಟಿ ಶಾಲೆಗೆ ಕಳಿಸಿದ್ದು. ಅದಕ್ಕೆ ಬದಲಾಗಿ ಅವಳು ಕೇಳಿದ್ದು ಇದೊಂದೇ. ಮನೆಯವರೆಲ್ಲ ಅವಳನ್ನು ಅಜ್ಜಿ ಎನ್ನುತ್ತಿದ್ದರು. ನಾನೂ. "ನನ್ನ ಮಗಳನ್ನ ಮಂದಿ ಮನಿಗಿ ಯಾಕ ಕೊಡ್ಲವಾ? ನನ್ನ ತಮ್ಮನ ಕೈಯಾಗ ಕೊಟ್ಟೀನಿ, ಕಣ್ತುಂಬ ನಿದ್ದಿ ಮಾಡ್ತೀನಿ," ಎಂದು ಅಜ್ಜಿ ನನಗೆ ಮೊದಲ ಭೇಟಿಯಲ್ಲೇ ಹೇಳಿದ್ದಳು.

ಅವರಿಗೆ ಒಬ್ಬಳೇ ಮಗಳು. ನಾನು ಮೊದಲು ನೋಡಿದಾಗ ಅವಳಿಗೆ ಏಳು ವರ್ಷವಿರಬೇಕು. ಕೈಬೆರಳ ಗೆಣ್ಣುಗಳ ಮೇಲೆ, ಮೊಳಕೈಯಲ್ಲಿ, ಹಿಮ್ಮಡಿಯ ಮೇಲೆ ಹಳದಿ ಗಂಟುಗಳು. ನಾನು ನೋಡುತ್ತಿದ್ದದ್ದನ್ನು ನೋಡಿ ಕೈ ಮುಂದೆ ಚಾಚಿದಳು.

"ಜ್ವಾಳ ಬಿತ್ತೀನಿ. ಇನ್ನಾ ತೆನಿ ಬಂದಿಲ್ಲ."

ಮೊದಲು ಗಂಟುಗಳಿಗೆ ಸುಣ್ಣ ಹಚ್ಚಿದರು, ತಾಯಿತ ಕಟ್ಟಿಸಿದರು. ಆಮೇಲೆ ಅವಳಿಗೆ ಮೆಟ್ಟಿಲು ಹತ್ತುವಾಗ ಎದೆ ಹಿಡಿಯತೊಡಗಿತು. ಹೈದರಾಬಾದಿನ ಒಬ್ಬ ವೈದ್ಯರು ರಕ್ತ ಪರೀಕ್ಷೆ ಮಾಡಿಸಿ ವಿಷಯ ಹೇಳಿದರು: ರಕ್ತದಲ್ಲಿ ಕೊಬ್ಬಿನಂಶ ಮಿತಿಮೀರಿದೆ, ಅದೇ ಚರ್ಮದಲ್ಲಿ ಗಂಟಾಗಿದೆ, ಅದೇ ಹೃದಯದ ನಾಳಗಳಲ್ಲೂ ಕಟ್ಟುತ್ತಿದೆ. ಒಂದು ಪುಡಿ ಕೊಟ್ಟರು. ಬೆಣ್ಣೆ, ತುಪ್ಪ, ಮಾಂಸ, ಮೊಟ್ಟೆ ಬಂದ್ ಎಂದರು.

ಅಂದಿನಿಂದ ಆ ಮನೆಯಲ್ಲಿ ಬೆಣ್ಣೆ ಎಂಬ ಮಾತೇ ನಿಂತಿತು. ಮಾಸ್ತರರು ಆಜ್ಞೆ ಮಾಡುತ್ತಿದ್ದರು, ಆದರೆ ದಿನಾ ಮೂರು ಹೊತ್ತು ಮಗುವಿನ ಮುಖ ನೋಡಿ ಇಲ್ಲ ಎನ್ನಬೇಕಾದದ್ದು ಭಾಭಿ. ಒಣ ರೊಟ್ಟಿ, ನೀರಾದ ಮಜ್ಜಿಗೆ, ಎಣ್ಣೆಯಿಲ್ಲದ ಪುಂಡಿಪಲ್ಯ. ಪಕ್ಕದ ಮನೆಯಲ್ಲಿ ಒಗ್ಗರಣೆ ಹಾಕಿದರೆ ಇವರು ಬಾಗಿಲು ಹಾಕುತ್ತಿದ್ದರು. ಮಗಳು ಅಪ್ಪನಿಗೆ 'ಬೆಣ್ಣಿ ಪೊಲೀಸ್' ಎಂದು ಹೆಸರಿಟ್ಟಿದ್ದಳು. "ಸುಮ್ಮನಿರ್ರಿ, ಬೆಣ್ಣಿ ಪೊಲೀಸ್ ಬಂದ್ರು," ಎಂದು ನನ್ನ ಕಿವಿಯಲ್ಲಿ ಹೇಳುತ್ತಿದ್ದಳು. ಅವರಿಗೆ ಕೇಳುವಷ್ಟು ಜೋರಾಗಿ.

ಮಸರಕಲ್ಲಿನಲ್ಲಿ ಮಾತ್ರ ಕಾನೂನು ನಡೆಯುತ್ತಿರಲಿಲ್ಲ. ಬಡಕಲು ಮಗು, ಏದುಸಿರು ಬಿಡುವ ಮಗು, ಅದಕ್ಕೆ ಬೆಣ್ಣೆ ತಪ್ಪಿಸುವುದು ಎಂದರೆ ಏನು ಎಂದು ಅಜ್ಜಿಗೆ ತಿಳಿಯುತ್ತಲೇ ಇರಲಿಲ್ಲ. ಮೈ ಒಣಗಿದ್ದರಿಂದಲೇ ಗಂಟು ಬಂದಿವೆ, ಜಿಡ್ಡು ಬಿದ್ದರೆ ಕರಗುತ್ತವೆ ಎಂದು ಅವಳ ಲೆಕ್ಕ. ರಜೆಗೆ ಹೋದಾಗಲೆಲ್ಲ ಎರಡು ರೊಟ್ಟಿಯ ನಡುವೆ ಬೆಣ್ಣೆ ಮುದ್ದೆ ಇಟ್ಟು, ಮೇಲೆ ಖಾರ ಉದುರಿಸಿ ಮುಚ್ಚಿ ಕೊಡುತ್ತಿದ್ದಳು. ಒಮ್ಮೆ ಸಿಕ್ಕಿಬಿದ್ದಾಗ ತಮ್ಮನಿಗೇ ಜಾಡಿಸಿದ್ದಳು: "ನಮ್ಮ ಎಮ್ಮಿ ಬೆಣ್ಣಿ ತಿಂದು ಯಾರು ಸತ್ತಾರಲೇ? ಇದೇ ಬೆಣ್ಣಿ ನೆಕ್ಕಿ ನೀ ದೊಡ್ಡಾಂವಾದಿ, ಇದೇ ಬಾಯಿಲೆ ಬ್ಯಾಡ ಅಂತಿ."

ಅಜ್ಜಿಗೂ ಭಾಭಿಗೂ ನಡುವೆ ಮಾತು ಬೆಳೆಯಿತಂತೆ.

ಆ ಹೊತ್ತಿನಲ್ಲೇ ಮಾಸ್ತರರು ಹೈದರಾಬಾದಿನ ಗ್ರಂಥಾಲಯದಲ್ಲಿ ಈ ಲೇಖನದ ಸಾರಾಂಶ ಓದಿದ್ದು. ಕಾರ್ಡು ಬರೆದವಳು ನಾನು, ಅವರ ಅಕ್ಷರ ವಿದೇಶದವರಿಗೆ ಓದಲು ಬರುವುದಿಲ್ಲ ಎಂದು. ಪ್ರತಿ ಬಂದ ದಿನ ಪ್ರಾಯೋಗಿಕ ತರಗತಿಯಿತ್ತು. ಮಧ್ಯದಲ್ಲೇ ಬಿಟ್ಟು ನನ್ನನ್ನು ಸಾಮಾನಿನ ಕೋಣೆಗೆ ಕರೆದರು. ಬಾಟಲಿಯಲ್ಲಿ ಮುಳುಗಿದ ಕಪ್ಪೆಗಳ ನಡುವೆ ಸ್ಟೂಲಿನ ಮೇಲೆ ಕೂತು, ಬೆರಳಿಟ್ಟು ಒಂದೊಂದೇ ಸಾಲು ತೋರಿಸಿದರು.

ನಮ್ಮ ಪಿತ್ತಜನಕಾಂಗದ ಜೀವಕೋಶಗಳ ಹೊರಪೊರೆಯಲ್ಲಿ ಕೊಕ್ಕೆಗಳಿವೆ. ಬಾವಿಗೆ ಬಿದ್ದ ಕೊಡ ಎತ್ತುವ ಪಾತಾಳಗರಡಿ ಇದ್ದ ಹಾಗೆ. ರಕ್ತದಲ್ಲಿ ತೇಲುವ ಕೊಬ್ಬಿನ ಕಣಗಳನ್ನು ಅವು ಹಿಡಿದು ಒಳಗೆಳೆದುಕೊಳ್ಳುತ್ತವೆ. ಕೆಲವು ಮಕ್ಕಳಲ್ಲಿ ಈ ಕೊಕ್ಕೆ ಹುಟ್ಟುವುದೇ ಇಲ್ಲ. ಇನ್ನು ಕೆಲವರಲ್ಲಿ ಹುಟ್ಟುತ್ತದೆ, ಆದರೆ ಒಳಗಿನ ಮೊದಲ ಮನೆಯಲ್ಲೇ ಸಿಕ್ಕಿಕೊಳ್ಳುತ್ತದೆ. ಹೊರಪೊರೆಯವರೆಗೆ ಬರುವುದಿಲ್ಲ. ಹೊರಗೆ ರಕ್ತದಲ್ಲಿ ಕೊಬ್ಬು ತುಂಬುತ್ತಿರುತ್ತದೆ, ಒಳಗೆ ಕೊಕ್ಕೆಗಳು ಬಿದ್ದಿರುತ್ತವೆ.

"ನಮ್ಮಾಕೀದು ಎರಡನೇದು," ಅಂದರು.

"ಪರೀಕ್ಷೆ ಮಾಡಿಸದೆ ಹೆಂಗ ಹೇಳ್ತೀರಿ ಸರ್?"

"ಹುಟ್ಟದೇ ಇದ್ದದ್ದಕ್ಕ ಏನೂ ಮಾಡಂಗಿಲ್ಲ. ಹುಟ್ಟಿ ದಾರ್ಯಾಗ ನಿಂತದ್ದನ್ನ ಕರಕೊಂಡು ಬರಬೋದು. ನಿಮ್ಮ ಮಾನ್ವಿ ಕಡೆ ನೋಡು. ಕಾಲುವಿಗೆ ನೀರು ಬಿಟ್ಟಾರ, ಕೊನಿ ಹೊಲಕ್ಕ ಮುಟ್ಟಿಲ್ಲ. ಅಂದ್ರ ನೀರಿಲ್ಲ ಅಂತೇನು? ನಡುವ ಎಲ್ಲೋ ಕಟ್ಟ್ಯಾದ. ಹೂಳು ತೆಗದ್ರ ಬರ್ತದ."

ಅವರ ಕಣ್ಣು ಆಗ ಹೇಗಿತ್ತು ಎಂದು ಬರೆಯಲು ಮೂರು ಸಲ ಪ್ರಯತ್ನಿಸಿ ಹೊಡೆದುಹಾಕಿದೆ.

ಅದೇ ದಿನ, ಹಾಜರಿ ಹಾಳೆಯ ಹಿಂದೆ ನಾಲ್ಕು ಚೌಕ ಹಾಕಿ ಇನ್ನೊಂದು ವಿಷಯವನ್ನೂ ತೋರಿಸಿದರು. ಈ ಕೊಕ್ಕೆ ಮಾಡುವ ಸೂಚನೆ ಅಪ್ಪನಿಂದ ಒಂದು, ಅವ್ವನಿಂದ ಒಂದು ಬರುತ್ತದೆ. ಎರಡೂ ಕೆಟ್ಟಿದ್ದರೆ ಮಾತ್ರ ಮಗು ಹೀಗಾಗುತ್ತದೆ; ಒಂದೇ ಕೆಟ್ಟಿದ್ದರೆ ದೊಡ್ಡವರಾದ ಮೇಲೆ ಕೆಲವರಿಗೆ ಎದೆ ಹಿಡಿಯುತ್ತದೆ. ಒಂದೇ ಮನೆಯ ರಕ್ತ ಎರಡೂ ಕಡೆಯಿಂದ ಬಂದರೆ ಎರಡೂ ಕೆಟ್ಟದ್ದು ಸೇರುವ ಸಂಭವ ಹೆಚ್ಚು. ಅವರ ಅಪ್ಪ ಹೊಲದಲ್ಲೇ ಎದೆ ಹಿಡಿದುಕೊಂಡು ಹೋಗಿದ್ದರು. ಅಲ್ಲಿಂದ ಅವರಿಗೂ ಬಂದಿತ್ತು, ಅವರ ಅಕ್ಕನಿಗೂ. ಅಕ್ಕನಿಂದ ಅಕ್ಕನ ಮಗಳಿಗೆ. ಅಕ್ಕನದೆಂದು ಹಾಕಿದ ಮೂರನೆಯ ಚೌಕದ ಹತ್ತಿರ ಪೆನ್ಸಿಲ್ ಇಟ್ಟರು.

"ಇದನ್ನ ಅಕ್ಕಗ ಹೇಳಿದ್ರ ಆಕಿ ಬಾವಿ ನೋಡ್ತಾಳ," ಅಂದರು. ಆಮೇಲೆ, "ನಿನ್ನ ಮದುವಿ ಯಾವಾಗ?"

ನನ್ನ ಮದುವೆ ಮಾನ್ವಿಯಲ್ಲಿ ತಾಯಿಯ ತಂಗಿಯ ಮಗನ ಜೊತೆ ನಿಶ್ಚಯವಾಗಿತ್ತು. ಅವರಿಗೆ ಗೊತ್ತಿತ್ತು. "ನಾನೇನೂ ಹೇಳಾಕತ್ತಿಲ್ಲ," ಎಂದು ಚೌಕಗಳ ಹಾಳೆಯನ್ನು ಮಡಿಸಿ ನನ್ನ ಕೈಗಿಟ್ಟರು. ಆ ತಿಂಗಳು ಊರಿಗೆ ಹೋದವಳು ಅಮ್ಮಿಗೆ ಆ ಮದುವೆ ಬೇಡ, "ನಕ್ಕೋ" ಅಂದೆ. ಯಾಕೆ ಎಂದರು. ಹುಡುಗನಿಗೆ ಸಿಟ್ಟು ಜಾಸ್ತಿ ಅಂದೆ. ಅವನಷ್ಟು ಮೆತ್ತಗಿನ ಮನುಷ್ಯ ಮಾನ್ವಿಯಲ್ಲೇ ಇರಲಿಲ್ಲ. ನಿಜ ಹೇಳಿದ್ದರೆ ಅಮ್ಮಿ ತನ್ನ ತಂಗಿಯ ಮುಖ ಹೇಗೆ ನೋಡಬೇಕಿತ್ತು? ಸುಳ್ಳು ಹೇಳುವುದು ಎಷ್ಟು ಸುಲಭ, ಯಾರದೋ ಒಬ್ಬರ ಮೇಲೆ ಹಾಕಿದರೆ ಮುಗಿಯಿತು ಎಂದು ನನಗೆ ಅಂದೇ ತಿಳಿಯಿತು.

ಮಾಸ್ತರರು ಲೇಖನ ಬರೆದವರಿಗೆ ಒಂದು ಪತ್ರ ಬರೆದರು. ಅದರಲ್ಲಿ ಎರಡೇ ಪ್ರಶ್ನೆ. ದಾರಿಯಲ್ಲಿ ನಿಂತ ಕೊಕ್ಕೆಗಳನ್ನು ಅಂಚಿಗೆ ತರುವ ಉಪಾಯ ಏನಾದರೂ ಇದೆಯೇ? ಆಹಾರದ ಪಥ್ಯ ಎಷ್ಟು ಸಹಾಯ ಮಾಡುತ್ತದೆ? ನಾನೇ ಅದನ್ನು ಶುದ್ಧ ಪ್ರತಿ ಮಾಡಿದೆ. ಅಂಚೆಗೆ ಹಾಕಿದ ಮೇಲೆ ದಿನಾ ಸ್ಟಾಫ್ ರೂಮಿನ ಕಿಟಕಿಯಲ್ಲಿ ನಿಂತಿರುತ್ತಿದ್ದರು. ಮಳೆಗಾಲ ಹೋಯಿತು, ಚಳಿಗಾಲ ಹೋಯಿತು. ಮಗಳು ಶಾಲೆಗೆ ಹೋಗುವ ದಾರಿಯಲ್ಲಿ ಎರಡು ಸಲ ಕೂತು ಏಳುತ್ತಿದ್ದವಳು ನಾಲ್ಕು ಸಲ ಕೂತು ಏಳತೊಡಗಿದಳು. ಕಣ್ಣ ಕರಿಗುಡ್ಡೆಯ ಸುತ್ತ ಬೂದು ಬಣ್ಣದ ಗೆರೆ ಬಂದಿತ್ತು, ವಯಸ್ಸಾದವರಿಗೆ ಬರುವಂಥದು.

ಉತ್ತರ ಬಂತು. ಒಂದು ಪುಟ. ಮೊದಲನೆಯದಕ್ಕೆ: ಸದ್ಯಕ್ಕೆ ಯಾವ ಉಪಾಯವೂ ಇಲ್ಲ. ಎರಡನೆಯದಕ್ಕೆ: ಎರಡೂ ಕಡೆಯಿಂದ ಕೆಟ್ಟದ್ದು ಬಂದ ಮಕ್ಕಳಲ್ಲಿ ಆಹಾರದಿಂದ ಆಗುವ ವ್ಯತ್ಯಾಸ ಬಹಳ ಕಡಿಮೆ. ಕೊನೆಯಲ್ಲಿ ಒಂದು ಸಾಲು ಸಹಾನುಭೂತಿ.

ಓದಿ ನನಗೆ ಕೊಟ್ಟರು. ನಾನು ಓದಿ ಅವರಿಗೆ ಕೊಟ್ಟೆ. ಅಂದು ಅವರು ಲಕೋಟೆಯ ಸ್ಟ್ಯಾಂಪನ್ನು ಬಿಡಿಸಲಿಲ್ಲ. ಅದು ಖಂಡಿತ ನೆನಪಿದೆ.

ಬೇಸಿಗೆ ರಜೆಯಲ್ಲಿ ಭಾಭಿ ಮತ್ತು ಮಗಳು ಮಸರಕಲ್ಲಿಗೆ ಹೋಗಿದ್ದರು. ಒಂದು ಬೆಳಿಗ್ಗೆ ಮಾಸ್ತರರು ನನ್ನ ಕೋಣೆಯ ಬಾಗಿಲಿಗೆ ಬಂದು, ಮಗಳಿಗೆ ಹುಷಾರಿಲ್ಲವಂತೆ, ನೀನೂ ಬಾ, ಆಕೆಗೆ ನೀನಂದರೆ ಜೀವ ಎಂದರು. ದೇವದುರ್ಗದವರೆಗೆ ಬಸ್ಸು, ಅಲ್ಲಿಂದ ಇನ್ನೊಂದು.

ಹೋದಾಗ ಅಂಗಳದಲ್ಲಿ ಓಣಿಯ ಹೆಂಗಸರು ಸೇರಿದ್ದರು. ಆಗಿದ್ದಿಷ್ಟು: ಹಿಂದಿನ ದಿನ ಮಗು ಎದೆ ಹಿಡಿದು ಬಿದ್ದಿತ್ತು. ಅವಳ ಹಾಸಿಗೆಯ ಹತ್ತಿರ ಬೆಣ್ಣೆ ಮೆತ್ತಿದ ಬಟ್ಟಲು ಸಿಕ್ಕಿತ್ತು. ಭಾಭಿ ತನ್ನ ಹಡೆದವ್ವನನ್ನು ಎಲ್ಲರೆದುರು ನಿಲ್ಲಿಸಿ, "ನನ್ನ ಮಗಳನ್ನ ನೀನೇ ಕೊಲ್ಲಾಕತ್ತಿ" ಎಂದಿದ್ದರು. ಮಗು ಎಚ್ಚರವಾಗಿ ಕಂಬಕ್ಕೆ ಒರಗಿ ಕೂತಿತ್ತು, ತುಟಿ ನೀಲಿಯಾಗಿತ್ತು. ಅಜ್ಜಿ ಒಲೆಯ ಮುಂದೆ ಗೋಡೆಗೆ ಮುಖ ಮಾಡಿ ಕೂತಿದ್ದಳು. ನಿನ್ನೆಯಿಂದ ನೀರೂ ಕುಡಿದಿಲ್ಲ ಎಂದರು.

ನನ್ನನ್ನು ನೋಡಿ ಅವಳು, "ಏ ಸಾಬರ ಮಗಳಾ, ನೀ ಓದಿದಾಕಿ. ನೀನರ ಹೇಳವಾ. ನಾ ಕೊಂದ್ನೇನು?" ಎಂದಳು.

ನಾನು ಮಾಸ್ತರರ ಮುಖ ನೋಡಿದೆ. ಅವರ ಅಂಗಿಯ ಜೇಬಿನಲ್ಲಿ ಆ ಪತ್ರವಿತ್ತು ಎಂದು ನನ್ನ ನೆನಪು ಹೇಳುತ್ತದೆ. ಇತ್ತೋ ಇಲ್ಲವೋ, ಅದರಲ್ಲಿದ್ದ ಮಾತು ನಮ್ಮಿಬ್ಬರ ತಲೆಯಲ್ಲಿತ್ತು. ಬೆಣ್ಣೆಯಿಂದ ಅಲ್ಲ ಯಕ್ಕಾ ಎಂದು ಅವರು ಒಂದು ಮಾತು ಅಂದಿದ್ದರೆ ಸಾಕಿತ್ತು. ಆದರೆ ಮತ್ತೆ ಯಾತರಿಂದ ಎಂದು ಅಂಗಳವೆಲ್ಲ ಕೇಳುತ್ತಿತ್ತು. ಆಗ ನಾಲ್ಕು ಚೌಕ ಬಿಡಿಸಬೇಕಾಗುತ್ತಿತ್ತು. ಎತ್ತಿ ಬೆಳೆಸಿದವಳು ಕೇಳಿ ಪಡೆದ ಒಂದೇ ಒಂದು ವಸ್ತುವನ್ನು ತೆಗೆದು ಅವಳ ಮುಂದೆಯೇ ಇಡಬೇಕಾಗುತ್ತಿತ್ತು.

ಮಾಸ್ತರರು ಚಪ್ಪಲಿ ಬಿಟ್ಟು ಒಳಗೆ ಹೋದರು. ನೆಲುವಿನಿಂದ ಗಡಿಗೆ ಇಳಿಸಿದರು. ಒಂದು ರೊಟ್ಟಿ ತೆಗೆದುಕೊಂಡು ಅದರ ಮೇಲೆ ಮುಷ್ಟಿ ಗಾತ್ರದ ಬೆಣ್ಣೆ ಇಟ್ಟುಕೊಂಡು ಬಂದು ಮಗಳ ಮುಂದೆ ಕೂತರು. ಮುರಿದು, ಅದ್ದಿ, ಬಾಯಿಗೆ ಹಿಡಿದರು.

ಮಗು 'ಆ' ಮಾಡುವ ಮೊದಲು ಅವ್ವನ ಕಡೆ ನೋಡಿತು. "ಬೆಣ್ಣಿ ಪೊಲೀಸ್ ಲಂಚಾ ಕೊಡಾಕತ್ತಾರ," ಅಂದಿತು. ಆಮೇಲೆ ಬಾಯಿ ತೆರೆಯಿತು.

"ಏನ್ ಮಾಡಾಕತ್ತೀರಿ?" ಭಾಭಿಯ ದನಿ ಕೀರಲಾಗಿತ್ತು. "ಇಷ್ಟು ವರ್ಷ ನನ್ನ ಬಾಯಿಲೆ ಇಲ್ಲ ಅನಿಸಿ, ಇವತ್ತ ನೀವೇ..."

"ಇನ್ನ ಮ್ಯಾಲ ನಾನೇ ಕೊಡಾಂವ," ಎಂದರು ಮಾಸ್ತರರು, ಕೈ ನಿಲ್ಲಿಸದೆ. "ಅಕ್ಕಂದೇನೂ ತಪ್ಪಿಲ್ಲ. ಏನರ ಆದ್ರ ನನ್ನ ಮ್ಯಾಲ. ಎಲ್ಲಾರೂ ಕೇಳಿಕೊಳ್ರಿ."

ಅಕ್ಕನನ್ನು ಉಳಿಸಲು ಅವರು ಹಾಗೆ ಮಾಡಿದರು ಎಂದು ಇಷ್ಟು ವರ್ಷ ನಾನು ನಂಬಿದ್ದೇನೆ. ಅವರು ಹಾಗೆಂದು ಎಂದೂ ಹೇಳಲಿಲ್ಲ. ಎಲ್ಲ ಆಸೆ ಬಿಟ್ಟ ಅಪ್ಪ ಮಗಳಿಗೆ ಒಂದು ತುತ್ತು ಕೊಟ್ಟದ್ದು ಅಷ್ಟೇ ಇರಬಹುದು. ಅಥವಾ ಸಿಟ್ಟು... ಆ ಒಂದು ಪುಟದ ಉತ್ತರದ ಮೇಲೆ. ನನಗೆ ಗೊತ್ತಿರುವುದು ಇಷ್ಟೇ: ಮಗು ಪೂರ್ತಿ ರೊಟ್ಟಿ ತಿಂದಿತು, ಬೆರಳು ನೆಕ್ಕಿತು, ಇನ್ನೊಂದು ಕೇಳಿತು.

ವಾಪಸು ಬರುವಾಗ ದೇವದುರ್ಗದ ಬಸ್ ನಿಲ್ದಾಣದಲ್ಲಿ ಚಹಾದ ಕಪ್ಪು ಕೈಗೆ ಕೊಡುತ್ತ, "ಆ ಕಾಗದದ ಮಾತು ನಮ್ಮಿಬ್ಬರಾಗೇ ಇರ್ಲವಾ," ಅಂದರು. ಹೂಂ ಅಂದೆ.

ನಾಲ್ಕು ತಿಂಗಳಾಗಿತ್ತು. ಶಾಲೆಯ ಪ್ರಾರ್ಥನೆಯ ಸಾಲಿನಲ್ಲಿ ಮಗಳು ಎಂದಿನಂತೆ ಕೂತಳಂತೆ. ಏಳಲಿಲ್ಲ. ಹನ್ನೆರಡು ತುಂಬಿರಲಿಲ್ಲ.

ಮಸರಕಲ್ಲಿನಲ್ಲಿ, ರಾಯಚೂರಿನಲ್ಲಿ, ಕಾಲೇಜಿನ ಸ್ಟಾಫ್ ರೂಮಿನಲ್ಲಿ ಒಂದೇ ಮಾತು. ಓದಿದ ಮನುಷ್ಯ, ವಿಷವೆಂದು ಗೊತ್ತಿದ್ದೂ ತನ್ನ ಕೈಯಾರೆ ತಿನ್ನಿಸಿದ. ಅಜ್ಜಿ ಕೂಡ ಬಂದವರ ಹತ್ತಿರ, "ನನ್ನ ತಮ್ಮ ಓದಿ ಕೆಟ್ಟ," ಎನ್ನುತ್ತಿದ್ದಳು. ಹಾಗೆ ಹೇಳುತ್ತಲೇ ಉಂಡು, ತಿರುಗಾಡಿ, ಹೊಲ ನೋಡಿಕೊಂಡು ಇನ್ನೂ ಹತ್ತು ವರ್ಷ ಬದುಕಿದಳು. ಬಾವಿಯ ಕಡೆ ನೋಡಲಿಲ್ಲ.

ಭಾಭಿ ಗಂಡನ ಜೊತೆ ಮಾತು ಬಿಟ್ಟರು. ಊಟಕ್ಕೆ ಬಡಿಸುತ್ತಿದ್ದರು, ಬಟ್ಟೆ ಒಗೆಯುತ್ತಿದ್ದರು. ಹೇಳುವುದಿದ್ದರೆ ಗೋಡೆಗೆ ಹೇಳುತ್ತಿದ್ದರು: "ಅಕ್ಕಿ ಮುಗಿದಾವ." "ಬಾಗಿಲ ಹಾಕ್ಕೋಬೇಕು." ನಾನು ಹೋದರೆ ನನ್ನ ಮೂಲಕ. ಕ್ರಮೇಣ ಹೋಗುವುದು ಕಡಿಮೆ ಮಾಡಿದೆ. ಮಾಸ್ತರರು ನಿವೃತ್ತಿಯವರೆಗೆ ಪಾಠ ಮಾಡಿದರು. ಆ ಅಧ್ಯಾಯ ಬಂದಾಗ ಪುಸ್ತಕದಲ್ಲಿದ್ದಷ್ಟೇ ಓದಿ ಹೇಳುತ್ತಿದ್ದರು. ಕೊನೆಗೆ ಅವರೂ ಅಪ್ಪನಂತೆಯೇ ಎದೆ ಹಿಡಿದುಕೊಂಡು ಹೋದರು. ಹೆಂಡತಿ ಮಾತು ಬಿಟ್ಟು ಆಗ ಇಪ್ಪತ್ತು ವರ್ಷವಾಗಿತ್ತು. ಆ ಇಪ್ಪತ್ತು ವರ್ಷದಲ್ಲಿ ಯಾವ ಭಾನುವಾರ ಬೇಕಾದರೂ ನಾನು ಆ ಓಣಿಗೆ ಹೋಗಿ ಒಂದು ವಾಕ್ಯ ಹೇಳಬಹುದಿತ್ತು. ಹೇಳಲಿಲ್ಲ. ಮಾತು ಕೊಟ್ಟಿದ್ದೆ ಎಂಬುದು ಒಂದು ಕಾರಣ. ಅದೊಂದೇ ಕಾರಣ ಎಂದರೆ ನನಗೇ ನಂಬಿಕೆ ಬರುವುದಿಲ್ಲ.

ಲೇಖನ ಸಿಕ್ಕ ಮರುವಾರ ದೇವದುರ್ಗಕ್ಕೆ ಹೋದೆ. ಭಾಭಿ ಈಗ ತಮ್ಮನ ಮಕ್ಕಳ ಜೊತೆ, ಬಟ್ಟೆ ಅಂಗಡಿಯ ಮೇಲಿನ ಮನೆಯಲ್ಲಿದ್ದಾರೆ. ಕಿಟಕಿಯ ಹತ್ತಿರ ಕೂತು ಮೊರದಲ್ಲಿ ತೊಗರಿ ಹಸನು ಮಾಡುತ್ತಿದ್ದರು. ನನ್ನ ಬಿಳಿ ತಲೆ ನೋಡಿ, "ನೀನೂ ಮುದುಕಿ ಆದಿ?" ಎಂದು ನಕ್ಕರು. ತಮ್ಮನ ಸೊಸೆ ಚಹಾ ಕೊಟ್ಟು ಕೆಳಗೆ ಹೋದಳು. ಅಜ್ಜಿ ಇಲ್ಲ, ಮಾಸ್ತರರಿಲ್ಲ, ಇನ್ನು ಯಾರನ್ನು ಉಳಿಸಲು ಈ ಗುಟ್ಟು ಎಂದುಕೊಂಡೇ ಹೋಗಿದ್ದೆ.

"ಭಾಭಿ, ಅದು ಬೆಣ್ಣಿಯಿಂದ ಆಗಿದ್ದಲ್ಲ."

ಮೊರದ ಮೇಲಿನ ಕೈ ನಿಂತಿತು. ಯಾವುದು ಎಂದು ಕೇಳಲಿಲ್ಲ.

"ಅವರಿಗಿ ಗೊತ್ತಿತ್ತೇನು?"

"ಗೊತ್ತಿತ್ತು."

"ನಿನಗ?"

"ನನಗೂ."

ಕೆಳಗೆ ಅಂಗಡಿಯಲ್ಲಿ ಯಾರೋ ಬಟ್ಟೆ ಹರಿದ ಸದ್ದಾಯಿತು. ಭಾಭಿ ಮತ್ತೆ ಯಾತರಿಂದ ಎಂದು ಕೇಳುತ್ತಾರೆ ಎಂದು ಕಾಯುತ್ತಿದ್ದೆ. ರಕ್ತದಲ್ಲಿ ಬಂದದ್ದು, ಯಾರದೂ ತಪ್ಪಲ್ಲ, ಇಷ್ಟು ಹೇಳಿ ನಿಲ್ಲಿಸಬೇಕು ಎಂದು ಬಸ್ಸಿನಲ್ಲಿ ಬಾಯಿಪಾಠ ಮಾಡಿಕೊಂಡು ಬಂದಿದ್ದೆ. ಅವರು ಕೇಳಲಿಲ್ಲ. ತೊಗರಿಯಲ್ಲಿ ಬೆರಳಾಡಿಸಿದರು.

"ಅಂದ್ರ, ಮೊದಲಿಂದ ಕೊಡಬೋದಿತ್ತು," ಅಂದರು.

ಮೊರದಿಂದ ಒಂದು ಕಲ್ಲು ಹೆಕ್ಕಿ ಪಕ್ಕಕ್ಕಿಟ್ಟರು.

"ಒಂದು ಸಲ ಹೋಳಿಗಿ ಮ್ಯಾಲ ಒಂದು ಹನಿ ತುಪ್ಪ ಹಾಕು ಅಂದಿದ್ಲು. ಒಂದೇ ಹನಿ ಯವ್ವಾ ಅಂದ್ಲು. ಕೈಮ್ಯಾಲ ಹೊಡದಿದ್ದೆ ನಾ... ಆ ಗಂಟಿನ ಮ್ಯಾಲ."

ಸ್ವಲ್ಪವಾದರೂ ವ್ಯತ್ಯಾಸ ಆಗುತ್ತಿತ್ತೇನೋ ಭಾಭಿ, ನೀವು ಮಾಡಿದ್ದು ಸರಿ ಎಂದು ಹೇಳಬೇಕೆಂದುಕೊಂಡೆ. ಬಹಳ ಕಡಿಮೆ ಎಂದರೆ ಇಲ್ಲವೇ ಇಲ್ಲ ಎಂದಲ್ಲವಲ್ಲ. ಆದರೆ ಆಗಲೇ ಅವರು ಮೊರ ಎತ್ತಿಕೊಂಡು ಕೇರತೊಡಗಿದ್ದರು, ನಾನು ಅಲ್ಲಿ ಇಲ್ಲವೆಂಬಂತೆ. ಚಹಾ ಆರಿತು. ಎದ್ದು ಬರ್ತೀನಿ ಅಂದೆ. ಅವರು ಗೋಡೆಗೆ ಹೇಳಿದರು: "ಮೆಟ್ಟಲಾ ನೋಡ್ಕೊಂಡು ಇಳೀಬೇಕು."

ಸಂಜೆಯ ಬಸ್ಸಿಗೆ ರಾಯಚೂರಿಗೆ ಬಂದೆ. ಮಾಸ್ತರರ ಮೇಲಿದ್ದ ಭಾರ ಇಳಿಸಲು ಹೋಗಿದ್ದೆ. ಅವರಿಲ್ಲ. ಇಳಿಸಿದ್ದು ಎಲ್ಲಿ ಬಿತ್ತು ಎಂಬುದನ್ನು ನೋಡಿಕೊಂಡು ಬಂದೆ.